ಪ್ಲಾಸ್ಮಾವನ್ನು ಬಿಸಿ ಮಾಡಬೇಕಾದ ಕಣಗಳೇ ಟೋಕಮ್ಯಾಕ್‌ನಲ್ಲಿ ಅದನ್ನು ಯಾಕೆ ಅಲ್ಲಾಡಿಸುತ್ತವೆ?

ಟೋಕಮ್ಯಾಕ್ ಅಂದರೆ ಪ್ಲಾಸ್ಮಾವನ್ನು, ಅಂದರೆ ಕಾದು ವಿದ್ಯುತ್ ಕಣಗಳಾಗಿ ಒಡೆದ ಅನಿಲವನ್ನು, ಕಾಂತಬಲದಿಂದ ಹಿಡಿದಿಟ್ಟು ಪರಮಾಣು ಬೀಜಗಳನ್ನು ಬೆಸೆಯುವ ಯಂತ್ರ. ತುಮಕೂರು ಕಡೆ ಹುಣಸೆ ಮರಕ್ಕೆ ಹಗ್ಗ ಕಟ್ಟಿ ಉಯ್ಯಾಲೆ ಆಡಿದವರಿಗೆ ಮೇಲಿನ ಪ್ರಶ್ನೆಗೆ ಉತ್ತರ ಅರ್ಧ ಗೊತ್ತೇ ಇರುತ್ತದೆ. ಜೋರಾಗಿ ತಳ್ಳಬೇಕಿಲ್ಲ. ಸರಿಯಾದ ಹೊತ್ತಿಗೆ ತಳ್ಳಿದರೆ ಸಾಕು, ಪ್ರತಿ ಸಲವೂ ಎತ್ತರ ಜಾಸ್ತಿ ಆಗುತ್ತಾ ಹೋಗುತ್ತದೆ.

ಪ್ಲಾಸ್ಮಾವನ್ನು ಬಿಸಿ ಮಾಡಬೇಕಾದದ್ದು ಆಲ್ಫಾ ಕಣ, ಅಂದರೆ ಹೀಲಿಯಂನ ಬೀಜ. ಹೈಡ್ರೋಜನ್ನಿನ ಭಾರದ ರೂಪಗಳಾದ ಡ್ಯುಟೀರಿಯಂ, ಟ್ರಿಟಿಯಂ ಬೆಸೆದಾಗ ಹುಟ್ಟುವ ಈ ಕಣಕ್ಕೆ 3.5 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಅಂದರೆ ಸೆಕೆಂಡಿಗೆ ಸುಮಾರು 13,000 ಕಿಲೋಮೀಟರ್ ಓಟ. ಕಾಂತರೇಖೆಗಳು ವೀಣೆಯ ತಂತಿಯಂತೆ ಮಿಡಿದಾಗ ಆಲ್ಫ್‌ವೆನ್ ಅಲೆ ಏಳುತ್ತದೆ. ಅದರ ವೇಗವೂ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್. (ಆಲ್ಫಾಗೂ ಆಲ್ಫ್‌ವೆನ್‌ಗೂ ನಂಟಿಲ್ಲ, ಎರಡನೆಯದು ಸ್ವೀಡನ್ನಿನ ವಿಜ್ಞಾನಿಯ ಹೆಸರು.) ಕಣ ನಿಧಾನವಾಗುತ್ತಾ ಬರುವಾಗ ಅಲೆಯ ಜೊತೆ ಹೆಜ್ಜೆ ಕೂಡಿಬಿಡುತ್ತದೆ. ಆಗ ಶುರು ತಳ್ಳಾಟ.

ಸುಮ್ನೆ ಹೆಜ್ಜೆ ಕೂಡಿದರೆ ಸಾಲದು. ಆಲ್ಫಾ ಕಣಗಳು ನಡುವೆ ದಟ್ಟ, ಅಂಚಿನಲ್ಲಿ ವಿರಳ, ಅಲ್ವಾ? ಆ ಇಳಿಜಾರೇ ಅಲೆಗೆ ಮೇವು. ಅಲೆ ಕೊಬ್ಬಿದರೆ ಕಣಗಳನ್ನೇ ಹೊರಕ್ಕೆ ಎಸೆಯುತ್ತದೆ. ಅವುಗಳ ಬಿಸಿ ಪ್ಲಾಸ್ಮಾಗೆ ಸಿಗುವುದಿಲ್ಲ, ಯಂತ್ರದ ಗೋಡೆಗೆ ಪೆಟ್ಟು.

ಆಲ್ಫಾ ಕಣವೇ ಬೇಕೆಂದಿಲ್ಲ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿದ್ದ ಪಿಡಿಎಕ್ಸ್ ಎಂಬ ಟೋಕಮ್ಯಾಕ್‌ನಲ್ಲಿ ಹೊರಗಿನಿಂದ ಹಾಯಿಸಿದ ಕಣಗಳೇ ಈ ಬಗೆಯ ಕಾಟ ಕೊಟ್ಟಿದ್ದವು. ಅಳತೆಯ ಗೆರೆ ಮೀನಿನ ಮುಳ್ಳಿನಂತೆ ಕಂಡಿದ್ದಕ್ಕೆ ಅದಕ್ಕೆ ‘ಫಿಶ್‌ಬೋನ್’ ಅಂತಲೇ ಹೆಸರು ನಿಂತಿತು.