ಹೊಲ ಕಾಯುವವರ ಕಾಲಿಗೂ ಬೆಚ್ಚಗಿನ ಬಟ್ಟೆ ಬೇಕು

ಪ್ರಶ್ನೆ: ಸುಬೇದಾರ್ ಸಾಹೇಬ್ರಿಗೆ ನಮಸ್ಕಾರ. ನಮ್ಮದು ಬಿಳಿಜೋಳದ ಹೊಲ. ಕಾಳು ಹಾಲುಗಟ್ಟುವ ಹೊತ್ತಿಗೆ ಹಂದಿ ಕಾಟ ಶುರುವಾಗುತ್ತದೆ. ರಾತ್ರಿಯಿಡೀ ಅಟ್ಟಣಿಗೆ ಮೇಲೆ ಕೂತು ಕಾಯುತ್ತೇನೆ. ಮೇಲೆ ಸ್ವೆಟರ್, ಜಾಕೆಟ್ ಇದೆ. ಆದರೂ ನಸುಕಿನಲ್ಲಿ ತೊಡೆ, ಮೊಣಕಾಲು ಮರಗಟ್ಟಿ ಕೆಳಗೆ ಇಳಿಯುವುದೇ ಕಷ್ಟ. ಜೀನ್ಸ್ ಒಳಗೆ ಇನ್ನೊಂದು ಪ್ಯಾಂಟ್ ಹಾಕಿ ನೋಡಿದೆ, ಉಪಯೋಗ ಆಗಲಿಲ್ಲ. ಚಳಿ ದೇಶದ ಬೇಟೆಗಾರರು ಹಾಕುವ ಪ್ಯಾಂಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ರೇಟು ಜಾಸ್ತಿ. ತಗೊಳ್ಳಲಾ?
– ಒಬ್ಬ ರೈತ, ಔರಾದ್ ತಾಲ್ಲೂಕು, ಬೀದರ್ ಜಿಲ್ಲೆ

ಉತ್ತರ: ಅಷ್ಟು ದುಡ್ಡು ಸುರಿಯಬೇಡಿ. ಆದರೆ ಆ ಬೇಟೆಗಾರರು ಕಾಲು ಬೆಚ್ಚಗೆ ಇಟ್ಟುಕೊಳ್ಳುವ ರೀತಿ ಮಾತ್ರ ಕಲಿಯಿರಿ. ಕೆನಡಾ, ಅಮೆರಿಕದ ಕಡೆ ಜಿಂಕೆ ಬೇಟೆಗೆ ಹೋದವರು ಮರದ ಮೇಲೆ ತಾಸುಗಟ್ಟಲೆ ಅಲ್ಲಾಡದೆ ಕೂರುತ್ತಾರೆ. ನೀವೂ ಅಟ್ಟಣಿಗೆ ಮೇಲೆ ಹಾಗೇ ಕೂರುತ್ತೀರಿ. ಕಾಶ್ಮೀರದ ಗಡಿಯಲ್ಲಿ ರಾತ್ರಿ ಪೋಸ್ಟ್ ಮೇಲೆ ನಾವು ಕೂತಿದ್ದೂ ಹೀಗೇ. ನಡೆಯುವಾಗ ತೊಡೆಯ ಸ್ನಾಯುಗಳೇ ಶಾಖ ಹುಟ್ಟಿಸುತ್ತವೆ. ಕೂತ ಮೇಲೆ ಅದು ಕಡಿಮೆಯಾಗುತ್ತದೆ. ಚಳಿ ಏರಿದಂತೆ ದೇಹ ಕೈಕಾಲಿಗೆ ರಕ್ತ ಕಳಿಸುವುದನ್ನು ಕಡಿಮೆ ಮಾಡಿ ಎದೆ, ಹೊಟ್ಟೆಯನ್ನು ಕಾಪಾಡಿಕೊಳ್ಳುತ್ತದೆ. ನಮ್ಮವರು ಮೇಲೆ ಮೂರು ಬಟ್ಟೆ, ಕೆಳಗೆ ಒಂದೇ ಪ್ಯಾಂಟ್ ಹಾಕುತ್ತಾರೆ. ಕಾಲು ಇನ್ನೇನು ಮಾಡಬೇಕು ಹೇಳಿ?

ಮೊದಲು ಆ ಜೀನ್ಸ್ ಬಿಡಿ. ಅದು ದಪ್ಪ ಹತ್ತಿ. ಹೊಲಕ್ಕೆ ನಡೆದು ಹೋಗುವಾಗ ಬೆವರು ಹೀರುತ್ತದೆ, ಜೋಳದ ಸಾಲಿನಲ್ಲಿ ಇಬ್ಬನಿ ಹೀರುತ್ತದೆ, ಬೇಗ ಒಣಗುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ. ಒಳಗಿನ ಪ್ಯಾಂಟ್ ಏಕೆ ಕೆಲಸಕ್ಕೆ ಬರಲಿಲ್ಲ ಅಂದರೆ, ಬಿಗಿ ಜೀನ್ಸ್ ಒಳಗೆ ಅದು ಒತ್ತಿಕೊಂಡಿತ್ತು. ಬೆಚ್ಚಗೆ ಇಡುವುದು ಬಟ್ಟೆಗಳ ನಡುವೆ ನಿಂತ ಗಾಳಿ. ಅದಕ್ಕೆ ಜಾಗವೇ ಇರಲಿಲ್ಲ.

ಚರ್ಮಕ್ಕೆ ತಾಗುವಂತೆ ತೆಳುವಾದ ಥರ್ಮಲ್ ಪ್ಯಾಂಟ್ ಇರಲಿ. ಪಾಲಿಯೆಸ್ಟರ್ ಆಗಬಹುದು, ಅದು ನೀರು ಹೀರುವುದೇ ಇಲ್ಲ ಅನ್ನಬಹುದು. ಮೆರಿನೋ ಅನ್ನುವ ಕುರಿ ತಳಿಯ ನಯವಾದ ಉಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹಿಡಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಆದರೆ ಬೆಲೆ ಹೆಚ್ಚು. ಅಂಗಡಿಯಲ್ಲಿ ಥರ್ಮಲ್ ಅಂತ ಕೊಡುವುದರಲ್ಲಿ ಎಷ್ಟೋ ಬರೀ ಹತ್ತಿಯವು. ಒಳಗಿನ ಲೇಬಲ್ ಓದಿಯೇ ತಗೊಳ್ಳಿ. ಅದರ ಮೇಲೆ ಸಡಿಲವಾದ ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆಯ ಟ್ರ್ಯಾಕ್ ಪ್ಯಾಂಟ್. ಎಲ್ಲದರ ಮೇಲೆ ಗಾಳಿ ತಡೆಯಲು ದೊಡ್ಡ ಸೈಜಿನ ರೇನ್‌ಕೋಟ್ ಪ್ಯಾಂಟ್ ಸಾಕು. ಅದು ಸರಬರ ಸದ್ದು ಮಾಡುತ್ತದೆ ಅಂತ ಬೇಟೆಗಾರರು ಹಾಕುವುದಿಲ್ಲ. ನಿಮಗೆ ಹಂದಿ ಓಡಿಹೋದರೆ ಸಾಕಲ್ವಾ, ಸದ್ದಾದರೆ ಆಗಲಿ.

ಈಗ ಮುಖ್ಯ ಮಾತು. ಇದನ್ನೆಲ್ಲ ಮನೆಯಿಂದಲೇ ಹಾಕಿಕೊಂಡು ಹೊರಡಬೇಡಿ. ಒಳಗಿನ ಥರ್ಮಲ್ ಮೇಲೆ ಒಂದು ಹಳೆ ಪ್ಯಾಂಟ್ ಹಾಕಿ ನಡೆಯಿರಿ, ಉಳಿದದ್ದು ಚೀಲದಲ್ಲಿ ಇರಲಿ. ಅಟ್ಟಣಿಗೆ ಹತ್ತಿ, ಇಬ್ಬನಿಗೆ ನೆನೆದ ಆ ಪ್ಯಾಂಟ್ ತೆಗೆದು, ಬೆವರು ಆರಲು ಸ್ವಲ್ಪ ಬಿಟ್ಟು, ಆಮೇಲೆ ಒಣ ಬಟ್ಟೆ ಏರಿಸಿ. ಚಳಿ ಹತ್ತಿದ ಮೇಲೆ ಹಾಕಿಕೊಂಡರಾಯಿತು ಅಂತ ಕಾಯಬೇಡಿ. ತಣ್ಣಗಾದ ಕಾಲನ್ನು ಬಟ್ಟೆ ತಾನಾಗಿ ಕಾಯಿಸುವುದಿಲ್ಲ. ಕಾಲುಚೀಲವನ್ನೂ ಅಲ್ಲೇ ಬದಲಿಸಿ. ಅದರ ಎಲಾಸ್ಟಿಕ್ ಚರ್ಮದ ಮೇಲೆ ಗೆರೆ ಬೀಳುವಷ್ಟು ಬಿಗಿ ಇರಬಾರದು.

ಇನ್ನು ನಮ್ಮ ಕಂಬಳಿ. ಕುರುಬರು ದಕ್ಕನಿ ಕುರಿಯ ಉಣ್ಣೆಯಲ್ಲಿ ನೇಯುವ ಕರಿ ಕಂಬಳಿಗೆ ಸಮನಾದದ್ದು ಆನ್‌ಲೈನ್‌ನಲ್ಲಿ ಇಲ್ಲ ಅಂತ ನಾನು ಎದೆ ತಟ್ಟಿ ಹೇಳುತ್ತೇನೆ. ಬರಿ ಮೈಗೆ ಚುಚ್ಚುತ್ತದೆ, ನಿಜ. ಪ್ಯಾಂಟ್ ಮೇಲೆ ಸೊಂಟದಿಂದ ಪಾದದವರೆಗೆ ಸುತ್ತಿಕೊಂಡರೆ ಚುಚ್ಚುವ ಮಾತೇ ಇಲ್ಲ. ಕೌದಿ ಬೇಡ, ಅದು ಹತ್ತಿ, ಇಬ್ಬನಿಗೆ ಭಾರವಾಗುತ್ತದೆ. ಅಟ್ಟಣಿಗೆಯ ಹಲಗೆ ಸಂದಿಯಿಂದ ಕೆಳಗಿನ ಗಾಳಿ ನೇರ ತೊಡೆಗೆ ಹೊಡೆಯುತ್ತದೆ. ಜೋಳದ ಕಣಿಕೆ ದಪ್ಪಗೆ ಹಾಸಿ, ಮೇಲೆ ಗೋಣಿಚೀಲ ಹಾಕಿ ಕೂತುಕೊಳ್ಳಿ. ಆಗಾಗ ಎದ್ದು ಹತ್ತಿಪ್ಪತ್ತು ಸಲ ಮೊಣಕಾಲು ಮಡಚಿ ಬಿಡಿಸಿ. ಬೀದರ್ ಸೀಮೆಯಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಹೊತ್ತು ಹುಟ್ಟುವ ಆಸುಪಾಸಿನಲ್ಲೇ ಚಳಿ ಹೆಚ್ಚು. ಆಗಲೇ ನಿಮಗೆ ನಿದ್ದೆ ತೂಗುವುದು, ಆಗಲೇ ಎದ್ದು ನಿಲ್ಲಬೇಕಾದದ್ದು.

ಒಂದು ಎಚ್ಚರಿಕೆ. ಪಾಲಿಯೆಸ್ಟರ್, ನೈಲಾನ್ ಹಾಕಿಕೊಂಡು ಬೆಂಕಿಗೆ ಹತ್ತಿರ ಕೂರಬೇಡಿ. ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ, ಗಾಯ ಆಳವಾಗುತ್ತದೆ. ಬೆಂಕಿ ಕಾಯಿಸುವುದಿದ್ದರೆ ಕಂಬಳಿ ಮೇಲಿರಲಿ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಕೆಳಗೆ ಇಳಿಯುವಾಗ ಬ್ಯಾಟರಿ ಬೆಳಕು ಬಿಟ್ಟು ನೋಡಿ, ಗಮ್‌ಬೂಟ್ ಹಾಕಿ. ಕೊಳಕುಮಂಡಲ ಹಾವು ಇರುವ ನೆಲ ನಮ್ಮದು.

ಹಂದಿಯನ್ನು ಓಡಿಸಿ, ಅಷ್ಟೇ. ಉರುಳು, ಕರೆಂಟ್ ತಂತಿ ಯಾವುದೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬೇಟೆ ಅಪರಾಧ. ಅದಕ್ಕಿಂತ ದೊಡ್ಡ ಮಾತು, ಆ ತಂತಿಗೆ ಮನುಷ್ಯರೂ ಸಿಕ್ಕಿ ಸಾಯುತ್ತಾರೆ. ಬೆಳೆ ಹಾಳಾದರೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಪ್ರಶ್ನೆ: ನಸುಕಿನಲ್ಲೇ ಕಡಲೆ ಹೊಲಕ್ಕೆ ಹೋಗುತ್ತೇವೆ. ಸೀರೆ ಮೊಣಕಾಲವರೆಗೆ ನೆನೆದು ಕಾಲು ಕೊರೆಯುತ್ತದೆ, ಉರಿಯೂ ಇರುತ್ತದೆ. ಏನು ಮಾಡಲಿ?
– ಒಬ್ಬ ತಾಯಿ, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ಅಕ್ಕಾ, ಉರಿ ಕಡಲೆ ಹುಳಿಯದು. ಎಲೆ ಮೇಲಿನ ಆಮ್ಲ ಇಬ್ಬನಿಯಲ್ಲಿ ಬೆರೆತು ಬಟ್ಟೆಗೆ ಇಳಿಯುತ್ತದೆ. ಸೀರೆ ಒಳಗೆ ಪಾಲಿಯೆಸ್ಟರ್ ಲೆಗ್ಗಿಂಗ್ಸ್, ಮೇಲೆ ಮೊಣಕಾಲು ಮುಟ್ಟುವ ಗಮ್‌ಬೂಟ್ ಹಾಕಿ. ಸೀರೆಯನ್ನು ಎತ್ತಿ ಕಟ್ಟಿ. ಇಬ್ಬನಿ ಆರಿದ ಮೇಲೆ ಹೊಲಕ್ಕೆ ಇಳಿಯಲು ಬಿಟ್ಟರೆ ಇದ್ಯಾವುದೂ ಬೇಡ. ಕೂಲಿಗೆ ಕರೆಯುವವರು ಇದನ್ನು ಯೋಚಿಸಬೇಕು. ಮನೆಗೆ ಬಂದ ತಕ್ಷಣ ಕಾಲು ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ.

ಪ್ರಶ್ನೆ: ವಯಸ್ಸು ಅರವತ್ತು ದಾಟಿದೆ. ಕಾಲು ಹಗಲಿನಲ್ಲೂ ಜೋಮು ಹಿಡಿಯುತ್ತದೆ. ಚಳಿಯಿಂದಲೇ?
– ಸುರಪುರದ ಓದುಗರು

ಉತ್ತರ: ಬಿಸಿಲಿನಲ್ಲೂ ಜೋಮು ಅಂದರೆ ಚಳಿಯ ಮೇಲೆ ಹಾಕಬೇಡಿ. ಸಕ್ಕರೆ ಕಾಯಿಲೆಯಿಂದ ನರ ಸೋತರೂ ಹೀಗಾಗುತ್ತದೆ. ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರನ್ನು ಕಾಣಿರಿ. ಅಲ್ಲಿಯವರೆಗೆ ಕಾಲನ್ನು ಬೆಂಕಿಗಾಗಲಿ, ಬಿಸಿನೀರಿನ ಚೀಲಕ್ಕಾಗಲಿ ಒಡ್ಡಬೇಡಿ. ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ. ಸಡಿಲವಾದ ಉಣ್ಣೆಯ ಕಾಲುಚೀಲ ಹಾಕಿ, ರಾತ್ರಿ ಮಲಗುವ ಮುಂಚೆ ಅಂಗಾಲನ್ನು ಮನೆಯವರಿಗೆ ತೋರಿಸಿ.