ಹೀಬ್ರೂ ಕಾನಾನ್ ಭಾಷೆಯಿಂದ ಹುಟ್ಟಿದ್ದಾ?

"ಬೈಬಲ್‌ನಲ್ಲಿ ಕಾನಾನ್ಯರು ಅಂದ್ರೆ ಇಸ್ರಾಯೇಲ್ಯರ ಶತ್ರುಗಳು, ಹಂಗಿದ್ರೆ ಹೀಬ್ರೂನ ಕಾನಾನ್ ಭಾಷೆ ಅಂತ ಯಾಕೆ ಹೇಳ್ತಾರೆ, ಅದರಿಂದ ಇದು ಹುಟ್ಟಿದ್ದಾ?" ಅಂತ ಕೇಳಿದೀರ.

ಕಾನಾನ್ ಅಂದ್ರೆ ಈಗಿನ ಇಸ್ರೇಲ್, ಲೆಬನಾನ್ ಸುತ್ತಿನ ಹಳೇ ನಾಡು. ಹುಟ್ಟಿದ್ದು ಅನ್ನೋದಕ್ಕಿಂತ ಹೀಬ್ರೂನೇ ಒಂದು ಕಾನಾನ್ ಭಾಷೆ ಸರ್. ಅಕ್ಕಪಕ್ಕದ ಜನರಾದ ಫೀನಿಷಿಯನ್, ಮೋವಾಬ್, ಅಮ್ಮೋನ್, ಎದೋಮ್ ಇವರ ಮಾತುಗಳೆಲ್ಲ ಅದೇ ಮನೆಯ ಅಕ್ಕತಂಗೀರು. ಹಳೇ ಒಡಂಬಡಿಕೆಯ ಮೂಲದಲ್ಲಿ ಭಾಷೆಗೆ ಹೀಬ್ರೂ ಅನ್ನೋ ಹೆಸರೇ ಇಲ್ಲ, ಕೆಲವು ಕಡೆ ಯೆಹೂದಿತ್ (ಯೆಹೂದದವರ ಮಾತು) ಅಂತಿದೆ, ಯೆಶಾಯ 19:18ರಲ್ಲಂತೂ ನೇರವಾಗಿ ಕಾನಾನ್ ಭಾಷೆ ಅಂತಾನೇ ಇದೆ.

ನಾನೇನು ಪಂಡಿತ ಅಲ್ಲ, ಹೀಬ್ರೂ ಅಕ್ಷರ ಕಲಿಯಕ್ಕೆ ಹೋಗಿ ಈ ಹುಚ್ಚು ಹತ್ತಿಸ್ಕೊಂಡೋನು, ನನ್ನ ತಲೆ ತಿರುಗಿಸಿದ್ದು ಮೋವಾಬ್ ಅರಸ ಮೇಷನ ಶಾಸನ. 1868ರಲ್ಲಿ ಈಗಿನ ಜೋರ್ಡಾನಿನ ದೀಬಾನ್ ಹತ್ರ ಸಿಕ್ತು, ಮರುವರ್ಷವೇ ಜಗಳದಲ್ಲಿ ಅಲ್ಲಿನ ಬೆಡೋಯಿನ್ ಜನ ಅದನ್ನ ಒಡೆದು ಚೂರು ಮಾಡಿದ್ರು, ಅದೃಷ್ಟಕ್ಕೆ ಅಷ್ಟರಲ್ಲಿ ಒಬ್ರು ಒದ್ದೆ ಕಾಗದ ಒತ್ತಿ ಅಚ್ಚು ತೆಗೆಸಿದ್ರು, ಈಗ ಜೋಡಿಸಿ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಇಟ್ಟಿದಾರೆ. ಕ್ರಿ.ಪೂ. 840ರ ಆಸುಪಾಸಿನದು. (2 ಅರಸುಗಳು 3ರಲ್ಲಿ ಬರೋ ಕುರಿ ಸಾಕೋ ಮೇಷ ಇವನೇ. ಹೆಸರೂ ಮೇಷ, ಸಾಕ್ತಿದ್ದಿದ್ದೂ ಕುರಿ, ಸಂಸ್ಕೃತಕ್ಕೂ ಇದಕ್ಕೂ ಸಂಬಂಧ ಇಲ್ಲ, ನನಗೆ ನಗು ಬಂತು ಅಷ್ಟೇ.) ಇಸ್ರಾಯೇಲನ್ನ ಸೋಲಿಸಿದೆ, ಅದು ಶಾಶ್ವತವಾಗಿ ನಾಶ ಆಯ್ತು ಅಂತ ಜಂಬ ಕೊಚ್ಕೊಂಡಿದಾನೆ, ಆದ್ರೆ ಕೊಚ್ಕೊಂಡಿರೋದು ಹೆಚ್ಚುಕಮ್ಮಿ ಇಸ್ರಾಯೇಲ್ಯರ ಭಾಷೆಯಲ್ಲೇ! ಮಗನಿಗೆ ಬೆನ್, ಅರಸನಿಗೆ ಮೆಲೆಖ್, ಎಲ್ಲ ಅದೇ. "ಹೋಗು, ಇಸ್ರಾಯೇಲಿನಿಂದ ನೆಬೋ ಊರನ್ನ ಕಿತ್ಕೋ" ಅಂತ ಮೋವಾಬರ ದೇವರು ಕೆಮೋಷ್ ಅವನಿಗೆ ಹೇಳೋ ರೀತಿನೂ ಥೇಟ್ ಬೈಬಲ್ ಶೈಲಿ. ವ್ಯತ್ಯಾಸ ಸಣ್ಣ ಸಣ್ಣದು, ಹೀಬ್ರೂನಲ್ಲಿ ಮೂವತ್ತಕ್ಕೆ ಕೊನೇಲಿ ಮ್ ಬಂದ್ರೆ ಇಲ್ಲಿ ನ್. ಧಾರವಾಡದವರಿಗೂ ಮೈಸೂರಿನವರಿಗೂ ಇರೋ ದೂರ ಅನ್ಕೊಳಿ.

ಒಂದೇ ಗುಂಪು ಅಂತ ಹೇಗೆ ಗುರುತಿಸ್ತಾರೆ ಅಂದ್ರೆ, ನಮ್ಮಲ್ಲಿ ಪಾಲ್ ಹೋಗಿ ಹಾಲು ಆಯ್ತಲ್ಲ, ತಮಿಳಲ್ಲಿ ಪಾಲ್ ಹಂಗೇ ಉಳೀತಲ್ಲ, ಆ ಥರ ಇವರಲ್ಲಿ ಹಳೇ ದೀರ್ಘ ಆ ಸಾಮಾನ್ಯವಾಗಿ ಓ ಆಗಿದೆ. ಅರಬ್ಬಿಯಲ್ಲಿ ಸಲಾಮ್, ಹೀಬ್ರೂನಲ್ಲಿ ಶಾಲೋಮ್. ಅರಮಾಯಿಕ್ ಹತ್ತಿರದ ನೆಂಟನೇ ಆದ್ರೂ ಅಲ್ಲಿ ಈ ಬದಲಾವಣೆ ಇಲ್ಲ, ಅದಕ್ಕೇ ಅದು ಈ ಮನೆಯೊಳಗೆ ಬರಲ್ಲ.

ಇದು ಎಷ್ಟು ಹಳೇದು ಅನ್ನೋದಕ್ಕೂ ಸಾಕ್ಷಿ ಇದೆ. ಈಜಿಪ್ಟಿನ ಅಮರ್ನದಲ್ಲಿ ಸಿಕ್ಕ ಕ್ರಿ.ಪೂ. 14ನೇ ಶತಮಾನದ ಜೇಡಿಮಣ್ಣಿನ ಪತ್ರಗಳಲ್ಲಿ ಜೆರುಸಲೇಮಿನ ದೊರೆ ಅಬ್ದಿ ಹೆಬ ಫೇರೋಗೆ ಬರೆದವೂ ಇವೆ. ಆಗಿನ ಆಫೀಸ್ ಭಾಷೆ ಅಕ್ಕಾಡಿಯನ್‌ನಲ್ಲಿ ಬರೀತಾ ಮಧ್ಯೆ ಊರಿನ ಮಾತು ತೂರಿದೆ, ನಾವು ಇಂಗ್ಲಿಷ್ ಮೇಲ್ ಬರೀವಾಗ ಕನ್ನಡ ನುಸುಳಿದ ಹಾಗೆ. "ನಾನು" ಅನ್ನಕ್ಕೆ ಅಕ್ಕಾಡಿಯನ್‌ನ ಅನಾಕು ಬಿಟ್ಟು ಅನುಕಿ ಅಂದಿದಾನೆ, ಬೈಬಲ್ ಹೀಬ್ರೂನಲ್ಲಿ ಅದು ಅನೋಖಿ. ತೋಳಿಗೆ ಜುರುಹ್ ಅಂತಾನೆ, ಹೀಬ್ರೂನಲ್ಲಿ ಜೆರೋಅ. ದಾವೀದನಿಗಿಂತ ಮುನ್ನೂರು ವರ್ಷ ಮುಂಚೆ ಇದು!

ಫೀನಿಷಿಯನ್ನರು ಇದೇ ಮಾತನ್ನ ಹಡಗಲ್ಲಿ ಈಗಿನ ಟುನೀಷಿಯಾವರೆಗೂ ಒಯ್ದರು. ಕಾರ್ಥೇಜ್ ಅಂದ್ರೆ ಕರ್ತ್ ಹದಶ್ತ್, ಹೊಸ ಊರು, ಹೊಸದು ಅನ್ನಕ್ಕೆ ಹೀಬ್ರೂನಲ್ಲೂ ಹದಾಷ್. ಅಲ್ಲಿನ ಸೇನಾಪತಿ ಹನ್ನಿಬಾಲ್‌ನ ಹೆಸರಂದ್ರೆ ಬಾಳ್ ಅನ್ನೋ ದೇವರ ಕೃಪೆ, ಯೋಹಾನ ಅನ್ನೋ ಹೆಸರಲ್ಲಿರೋದೂ ಅದೇ ಕೃಪೆ, ದೇವರು ಮಾತ್ರ ಬೇರೆ.

ಈಗಿನ ಇಸ್ರೇಲಿನವರು ಮೇಷನ ಕಲ್ಲನ್ನ ಓದಬಲ್ಲರಾ ಅಂತ ಕೇಳಿದ್ರೆ, ಕಲ್ಲಿನ ಅಕ್ಷರ ಗೊತ್ತಾಗಲ್ಲ, ಯಾಕಂದ್ರೆ ಈಗಿನ ಚೌಕ ಲಿಪಿ ಅರಮಾಯಿಕ್ ಕಡೆಯಿಂದ ಬಂದಿದ್ದು. ಅದೇ ಸಾಲುಗಳನ್ನ ಚೌಕ ಲಿಪಿಯಲ್ಲಿ ಬರೆದುಕೊಟ್ರೆ, ಬೈಬಲ್ ಓದಿದವರು ಬಹಳಷ್ಟು ಅರ್ಥ ಮಾಡ್ಕೊಂಡ್‌ಬಿಡ್ತಾರೆ.