ಬಾಟಲಿಯ ತಳದಲ್ಲಿ ಮಡ್ಡಿ ಇದ್ದರೆ ವೈನ್ ಕೆಟ್ಟಿದೆಯಾ?

ಪ್ರಶ್ನೆ: ಅಣ್ಣ ಫ್ರಾನ್ಸಿನಿಂದ ನ್ಯಾಚುರಲ್ ರೆಡ್ ವೈನ್ ತಂದಿದ್ದಾರೆ. ಬಣ್ಣ ಮಬ್ಬು, ತಳದಲ್ಲಿ ಮಡ್ಡಿ. ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದೇನೆ. ಕೆಟ್ಟಿದೆಯಾ? ಇದರಲ್ಲಿ ವೈನ್ ಕೆಡದಂತೆ ಹಾಕುವ ಸಲ್ಫೈಟ್ ಇಲ್ಲ, ತಲೆನೋವು ಬರೋದಿಲ್ಲ ಅಂತಾರೆ ಅಣ್ಣ. ಆರ್ಗ್ಯಾನಿಕ್ ಅಂದರೂ ಇದೇ ಅಲ್ವಾ?
– ಓದುಗರು, ಬೆಂದೂರು, ಮಂಗಳೂರು

ಉತ್ತರ: ಮಡ್ಡಿಗೆ ಹೆದರಬೇಡಿ. ಅದು ಸತ್ತ ಯೀಸ್ಟ್ ಮತ್ತು ದ್ರಾಕ್ಷಿಯ ಕಣ, ಸೋಸದೆ ತುಂಬಿಸಿದ್ದಾರೆ ಅಷ್ಟೇ. ಕ್ರಿಸ್ಮಸ್ಸಿಗೆ ನಮ್ಮೂರಿನ ಮನೆಗಳಲ್ಲಿ ಭರಣಿಯಲ್ಲಿ ಹಾಕಿಡುವ ವೈನಿನ ತಳದಲ್ಲೂ ಇರುತ್ತದೆ. ಆದರೆ ಅದಕ್ಕೆ ನಾವು ಸಕ್ಕರೆ, ಯೀಸ್ಟ್, ಗೋದಿ ಎಲ್ಲ ಹಾಕುತ್ತೇವೆ. ನ್ಯಾಚುರಲ್ ವೈನ್ ಮಾಡುವವರು ಇದ್ಯಾವುದನ್ನೂ ಹಾಕೋದಿಲ್ಲ, ಸಿಪ್ಪೆಯ ಮೇಲೆ ತಾನಾಗಿ ಇರುವ ಯೀಸ್ಟಿನಿಂದಲೇ ರಸ ಹುದುಗಬೇಕು.

ಆರ್ಗ್ಯಾನಿಕ್ ಬೇರೆ. ಅದು ಮುಖ್ಯವಾಗಿ ತೋಟದ ಮಾತು, ವೈನಿಗೆ ಸಲ್ಫೈಟ್ ಹಾಕಲು ಯುರೋಪಿನಲ್ಲಿ ಅನುಮತಿ ಇದೆ: ಸಾಮಾನ್ಯ ಡ್ರೈ (ಸಿಹಿಯಿಲ್ಲದ) ರೆಡ್‌ಗೆ ಲೀಟರಿಗೆ 150 ಮಿಲಿಗ್ರಾಂ, ಆರ್ಗ್ಯಾನಿಕ್‌ಗೆ 100. ಫ್ರಾನ್ಸಿನಲ್ಲಿ 2020ರಲ್ಲಿ ಬಂದ 'ವ್ಯಾನ್ ಮೆಥೋಡ್ ನಾತ್ಯೂರ್' ಎಂಬ ನ್ಯಾಚುರಲ್ ವೈನಿನ ಮುದ್ರೆ ಬೇಕಾದರೆ 30 ದಾಟಬಾರದು. ಒಂದಿಷ್ಟೂ ಇಲ್ಲದ ವೈನ್ ಮಾತ್ರ ಸಿಗೋದು ಕಷ್ಟ, ಯಾಕೆಂದರೆ ಹುದುಗುವಾಗ ಯೀಸ್ಟೇ ಸ್ವಲ್ಪ ಸಲ್ಫೈಟ್ ಮಾಡುತ್ತದೆ.

ತಲೆನೋವಿನ ಮಾತು ನಂಬಬೇಡಿ. ವೈಟ್ ವೈನಿಗೆ ಇನ್ನೂ ಜಾಸ್ತಿ, 200 ಮಿಲಿಗ್ರಾಂವರೆಗೆ ಹಾಕಬಹುದು, ಆದರೂ ಜನ ದೂರೋದು ರೆಡ್ ವೈನನ್ನೇ. ನ್ಯಾಚುರಲ್ ಆದರೂ ಆಲ್ಕೋಹಾಲ್ ಇದ್ದೇ ಇದೆಯಲ್ಲ, ತಲೆನೋವು ಅದರಿಂದಲೂ ಬರಬಹುದು. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಮಾತ್ರ ಸಲ್ಫೈಟ್ ಬಗ್ಗೆ ನಿಜಕ್ಕೂ ಎಚ್ಚರ ಬೇಕು.

ನನಗೆ ಚಿಂತೆ ಆ ಕಪಾಟಿನದ್ದು. ಸಲ್ಫೈಟ್ ಕಡಿಮೆ ಇರುವ, ಸೋಸದ ವೈನಿನಲ್ಲಿ ಯೀಸ್ಟು, ಬ್ಯಾಕ್ಟೀರಿಯಾ ಇನ್ನೂ ಜೀವಂತ ಇರಬಹುದು, ನಮ್ಮ ಸೆಕೆಗೆ ಅವು ಮತ್ತೆ ಕೆಲಸ ಶುರು ಮಾಡುತ್ತವೆ. ಇವತ್ತೇ ಫ್ರಿಜ್ಜಿಗೆ ಹಾಕಿ, ನೆಟ್ಟಗೆ ನಿಲ್ಲಿಸಿ. ಒಂದು ದಿನ ಬಿಟ್ಟರೆ ಮಡ್ಡಿ ಕೆಳಗೆ ಕೂರುತ್ತದೆ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗಿಟ್ಟು, ಅಲುಗಾಡಿಸದೆ ನಿಧಾನ ಬಗ್ಗಿಸಿ.

ಮೊದಲಿಗೆ ಬೆಂಕಿಕಡ್ಡಿ ಗೀರಿದ ಹಾಗೆ ವಾಸನೆ ಬಂದರೆ ಗ್ಲಾಸಿನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಬಿಡಿ, ಸಾಮಾನ್ಯವಾಗಿ ಹೋಗುತ್ತದೆ. ಸಣ್ಣ ಗುಳ್ಳೆ ಇದ್ದರೂ ತೊಂದರೆಯಿಲ್ಲ. ವಿನೆಗರ್ ಅಥವಾ ನೇಲ್ ಪಾಲಿಶ್ ವಾಸನೆ ಮೂಗಿಗೆ ಹೊಡೆದರೆ ಚೆಲ್ಲಿಬಿಡಿ. ಇನ್ನೊಂದು ದೋಷ ಮೂಗಿಗೆ ಗೊತ್ತೇ ಆಗೋದಿಲ್ಲ: ನುಂಗಿ ಸ್ವಲ್ಪ ಹೊತ್ತಾದ ಮೇಲೆ ನಾಲಗೆಯ ಹಿಂದೆ ಇಲಿಗೂಡಿನಂಥ ವಾಸನೆ ಏಳುತ್ತದೆ. ಸಲ್ಫೈಟ್ ಹಾಕದ ವೈನಿನಲ್ಲೇ ಇದು ಜಾಸ್ತಿ. ಗಾಳಿಗೆ ಬಿಟ್ಟಷ್ಟೂ ಹೆಚ್ಚುತ್ತದೆ, ಹಾಗಾಗಿ ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಿ.